ಉದ್ರಿ ಪುಸ್ತಕ ಇಟ್ಟ ಮೇಲೆ ಶುಕ್ರವಾರದ ಜೋಕು ಅರ್ಥವಾಯಿತು

"ಇಲ್ಲಿಯ ರಾಜಕೀಯ ವಿಡಂಬನೆ ಹೊರಗಿನವರ ತಲೆಗೆ ಹತ್ತಲ್ಲ, ಇಲ್ಲೇ ಹುಟ್ಟಿರಬೇಕು" ಅಂತ ಆಫೀಸಿನಲ್ಲಿ ಒಬ್ಬರು ಹೇಳಿದ್ದರು. ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಕನ್ನಡ ಗೆಳೆಯರೂ "ಸುಮ್ನೆ ಕ್ರಿಕೆಟ್ ನೋಡು ಮಾರಾಯ" ಎಂದರು. ಈಗ ಬಿಬಿಸಿಯ ಶುಕ್ರವಾರದ ಸುದ್ದಿ ಹಾಸ್ಯ ಕಾರ್ಯಕ್ರಮ 'ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ' ನೋಡುವಾಗ ಹತ್ತು ಜೋಕಿನಲ್ಲಿ ಏಳೆಂಟಕ್ಕೆ ಸಭಿಕರ ಜೊತೆಗೇ ನಗುತ್ತೇನೆ. ಮೊದಲು ಎರಡೋ ಮೂರೋ ಇತ್ತು. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ದಂಡವಾದ ದುಡ್ಡಿನ ಲೆಕ್ಕ ಮೊದಲು ಹೇಳುತ್ತೇನೆ. ಬ್ರಿಟಿಷ್ ಹಾಸ್ಯ ಕಲಿಸುತ್ತೇವೆ ಎಂಬ ಒಂದು ಆನ್‌ಲೈನ್ ಕೋರ್ಸಿಗೆ 40-45 ಪೌಂಡ್ ಕೊಟ್ಟೆ. ವ್ಯಂಗ್ಯ ಎಂದರೇನು ಅಂತ ಆರು ವಾರ ಪಾಠವಾಯಿತು. ವ್ಯಂಗ್ಯ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಪರದೆ ಮೇಲಿನ ಆ ಮನುಷ್ಯ ಯಾರು, ಅವನ ಹೆಸರು ಬಂದ ಕೂಡಲೇ ಜನ ಯಾಕೆ ನಗುತ್ತಾರೆ ಎಂಬುದು. ಆಮೇಲೆ ಸಬ್‌ಟೈಟಲ್ ಹಾಕಿ, ನಿಲ್ಲಿಸಿ ನಿಲ್ಲಿಸಿ ಹೆಸರು ಹುಡುಕಿದೆ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಎರಡು ಗಂಟೆ ಹಿಡಿಯಿತು. ಎಲ್ಲ ಹೆಸರೂ ತಿಳಿಯಿತು, ಒಂದು ಸಲವೂ ನಗು ಬರಲಿಲ್ಲ. ಯಾರದೋ ಮಾತು ಕೇಳಿ ಸರ್ಕಾರದ ಒಳಗಿನ ಗೊಂದಲವನ್ನು ಅಣಕಿಸುವ ಧಾರಾವಾಹಿ 'ದ ಥಿಕ್ ಆಫ್ ಇಟ್'ನಿಂದ ಶುರು ಮಾಡಿದ್ದು ಇನ್ನೊಂದು ತಪ್ಪು. ಅದರಲ್ಲಿ ಪ್ರಧಾನಿ ಕಚೇರಿ ಪರವಾಗಿ ಎಲ್ಲರನ್ನೂ ಗದರಿಸುವ ಮಾಲ್ಕಮ್ ಟಕರ್‌ನ ಸ್ಕಾಟಿಷ್ ಉಚ್ಚಾರ, ಆ ವೇಗ, ಆ ಬೈಗುಳ. ಮೂರನೇ ಕಂತಿಗೆ ಬಿಟ್ಟೆ.

ದಾರಿ ಸಿಕ್ಕಿದ್ದು 2022ರ ಅಕ್ಟೋಬರಿನಲ್ಲಿ. ಲಿಜ್ ಟ್ರಸ್ ಪ್ರಧಾನಿಯಾಗಿ ಜಾಸ್ತಿ ದಿನ ಉಳಿಯುತ್ತಾರೋ, ಒಂದು ಲೆಟಿಸ್ ಸೊಪ್ಪಿನ ಗಡ್ಡೆ ಬಾಡದೆ ಉಳಿಯುತ್ತದೋ ಅಂತ 'ಡೈಲಿ ಸ್ಟಾರ್' ಪತ್ರಿಕೆ ಕ್ಯಾಮೆರಾ ಇಟ್ಟು ತೋರಿಸಿತು. ಲೆಟಿಸ್‌ಗೆ ವಿಗ್ ಬೇರೆ. ಲೆಟಿಸ್ ಗೆದ್ದಿತು. ಆಮೇಲೆ ಬಂದ ಲೆಟಿಸ್ ಜೋಕುಗಳಿಗೆಲ್ಲ ನಾನು ಯಾರನ್ನೂ ಕೇಳದೆ ನಕ್ಕೆ. ಯಾಕೆಂದರೆ ಅದು ನಡೆಯುವಾಗ ನಾನು ಇಲ್ಲಿ ಇದ್ದೆ, ನೋಡಿದ್ದೆ. ಹಾಗಾದರೆ ನನ್ನ ಇಂಗ್ಲಿಷಿನಲ್ಲಿ ತೊಂದರೆ ಇಲ್ಲ, ಹಳೇ ಬಾಕಿಗಳು ನನಗೆ ಗೊತ್ತಿಲ್ಲ ಅಂತ ಆಗ ಹೊಳೆಯಿತು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಥರ ಒಂದು ನೋಟ್‌ಬುಕ್ ಮಾಡಿದೆ. ಹೆಸರು, ಅಡ್ಡಹೆಸರು, ಜನ ಮರೆಯದ ಬಾಕಿ, ಹೀಗೆ ಮೂರು ಕಾಲಂ. ಮೂರನೆಯದೇ ಮುಖ್ಯ. 2009ರ ಸಂಸದರ ವೆಚ್ಚದ ಹಗರಣದಲ್ಲಿ ಒಬ್ಬರು ಕೊಳದ ಬಾತುಕೋಳಿ ಮನೆಗೆ ಸುಮಾರು 1,600 ಪೌಂಡ್ ಬಿಲ್ ಹಾಕಿದ್ದರು. ಇಂದಿಗೂ ಬಾತುಕೋಳಿ ಎಂದರೆ ಸಾಕು, ಸಭೆ ನಗುತ್ತದೆ. 2012ರಲ್ಲಿ ಹಣಕಾಸು ಮಂತ್ರಿ ಆಸ್ಬರ್ನ್ ಬಿಸಿ ಪೇಸ್ಟಿ (ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥ ತಿಂಡಿ) ಮೇಲೆ ತೆರಿಗೆ ಹಾಕಲು ಹೋದದ್ದು ಇನ್ನೊಂದು. 1993ರಲ್ಲಿ ಲೇಬರ್ ಪಕ್ಷದ ರಾಯ್ ಹ್ಯಾಟರ್ಸ್ಲಿ ಇದೇ ಶುಕ್ರವಾರದ ಕಾರ್ಯಕ್ರಮಕ್ಕೆ ಮೂರನೇ ಸಲ ಬರದೇ ಹೋದಾಗ ಅವರ ಕುರ್ಚಿಯ ಜಾಗದಲ್ಲಿ ಹಂದಿ ಕೊಬ್ಬಿನ ಡಬ್ಬಿ ಇಟ್ಟರು. ಆ ಡಬ್ಬಿಗೆ ನನ್ನ ಪುಸ್ತಕದಲ್ಲಿ ಅರ್ಧ ಪುಟ ಇದೆ.

ಹೆಸರಿನ ಪಕ್ಕ ಎರಡು ಗುರುತು ಹಾಕುತ್ತೇನೆ. ಅದರಿಂದ ಮುಂದಿನ ವಾರ ಯಾರ ಮೇಲೆ ಜೋಕು ಬೀಳುತ್ತದೆ ಅಂತ ಎಷ್ಟೋ ಸಲ ಮೊದಲೇ ಹೇಳಿದ್ದೇನೆ. ಆ ಗುರುತು ಯಾವುದು ಅಂತ ಮಾತ್ರ ಹೇಳಲ್ಲ.

ಇನ್ನೊಂದು ಮಾತು. ಬುಧವಾರ ಮಧ್ಯಾಹ್ನ 12ರ ಪ್ರಧಾನಿ ಪ್ರಶ್ನೋತ್ತರ ತಪ್ಪಿಸಬೇಡಿ. ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ದೃಶ್ಯಗಳನ್ನು ಹಾಸ್ಯ ಕಾರ್ಯಕ್ರಮದಲ್ಲಿ ಬಳಸಬಾರದು ಎಂಬ ನಿಯಮವಿದೆ. ಹಾಗಾಗಿ ಶುಕ್ರವಾರ ಅವರು ಅದನ್ನು ತೋರಿಸಲು ಆಗಲ್ಲ, ನೀವು ನೋಡಿದ್ದೀರಿ ಎಂದುಕೊಂಡೇ ಮಾತಾಡುತ್ತಾರೆ. ಇದು ತಿಳಿಯದೆ ನಾನು ಒಂದಿಡೀ ಸರಣಿ ಕಳೆದುಕೊಂಡೆ. ಇಲ್ಲಿ ಟಿವಿ ನೋಡಲು ಕಟ್ಟಬೇಕಾದ ಲೈಸೆನ್ಸ್ ಶುಲ್ಕ ಆಗ ವರ್ಷಕ್ಕೆ 159 ಪೌಂಡ್ ಇತ್ತು, 2025ರಲ್ಲಿ 174.50 ಆಯಿತು. ಅಷ್ಟು ಕೊಟ್ಟು ಬುಧವಾರ ಬಿಟ್ಟರೆ ಹೇಗೆ, ಅಲ್ವಾ?

ಸದನಕ್ಕೆ ರಜೆ ಇದ್ದಾಗ ಮಂತ್ರಿ ಮತ್ತು ಅಧಿಕಾರಿಗಳ ಜಗ್ಗಾಟದ ಹಳೇ ಹಾಸ್ಯ ಧಾರಾವಾಹಿ 'ಯೆಸ್ ಮಿನಿಸ್ಟರ್' ಹಾಕುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಡಿವಿಡಿ, ಎಲ್ಲ ಸೇರಿ ಏಳೆಂಟು ಪೌಂಡ್. ಒಂದು ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದರು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಮಂತ್ರಿಯ ನಿರ್ಧಾರವನ್ನು ಇಲಾಖೆಯ ಹಿರಿಯ ಅಧಿಕಾರಿ ಸರ್ ಹಂಫ್ರಿ ಧೈರ್ಯದ್ದು ಎಂದು ಹೊಗಳಿದರೆ, ಅದರಿಂದ ಚುನಾವಣೆಯೇ ಸೋಲುತ್ತೀರಿ ಅಂತ ಅರ್ಥ. ಅದನ್ನು ನಾನು ಬಿಡಿಸಿ ಹೇಳುವ ಮೊದಲೇ ಅಪ್ಪ ನಕ್ಕುಬಿಟ್ಟರು. "ತಹಶೀಲ್ದಾರ್ರು ಬರ್ತಾರೆ ಹೋಗ್ತಾರೆ, ಹಳೇ ಗುಮಾಸ್ತ ಅಲ್ಲೇ ಇರ್ತಾನೆ. ಇದು ನಮ್ಮ ಕಚೇರಿನೇ ಕಣೋ" ಎಂದರು. ಸರ್ಕಾರಿ ನೌಕರರ ಮನೆಯಿಂದ ಬಂದವರು ಇಲ್ಲಿಂದಲೇ ಶುರು ಮಾಡಿ.

ಅಪ್ಪ ಇದ್ದಾಗಲೇ ರಾಜಕಾರಣಿಗಳನ್ನು ಗೊಂಬೆ ಮಾಡಿ ಅಣಕಿಸುವ 'ಸ್ಪಿಟಿಂಗ್ ಇಮೇಜ್' ಕಾರ್ಯಕ್ರಮವನ್ನು ದನಿ ನಿಲ್ಲಿಸಿ ನೋಡಿದೆವು. ಗಂಡಸರ ಸೂಟಿನ ಥ್ಯಾಚರ್, ಮೈಯೆಲ್ಲ ಬೂದು ಬಣ್ಣದ ಜಾನ್ ಮೇಜರ್, ಡೇವಿಡ್ ಓವನ್ ಜೇಬಿನಲ್ಲಿ ಪುಟ್ಟ ಡೇವಿಡ್ ಸ್ಟೀಲ್. ಓವನ್, ಸ್ಟೀಲ್ ಇಬ್ಬರ ಪಕ್ಷಗಳ ಮೈತ್ರಿಕೂಟದಲ್ಲಿ ಯಾರ ಮಾತು ನಡೆಯುತ್ತದೆ ಅಂತ ಗೊಂಬೆಯವರು ಹೇಳುತ್ತಿದ್ದದ್ದು ಜೇಬು ನೋಡಿದರೇ ತಿಳಿಯಿತು.

ಪುಸ್ತಕ ನೂರು ಪುಟ ದಾಟಿದ ಮೇಲೆ 'ದ ಥಿಕ್ ಆಫ್ ಇಟ್'ಗೆ ವಾಪಸ್ ಹೋದೆ. ಈ ಸಲ ಎಲ್ಲ ಸರಣಿ ಮುಗಿಸಿದೆ. ಅದರಲ್ಲಿ ಹುಟ್ಟಿದ 'ಓಮ್ನಿಶ್ಯಾಂಬಲ್ಸ್' (ಎಲ್ಲ ಕಡೆಯಿಂದಲೂ ಎಡವಟ್ಟು) ಎಂಬ ಪದವನ್ನು 2012ರಲ್ಲಿ ವಿರೋಧ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ ಸಂಸತ್ತಿನಲ್ಲೇ ಬಜೆಟ್ ಮೇಲೆ ಎಸೆದಿದ್ದರು. ಪೇಸ್ಟಿ ತೆರಿಗೆಯ ಅದೇ ಬಜೆಟ್. ಎರಡು ಬಾಕಿ ಒಂದೇ ಪುಟದಲ್ಲಿ ಕೂಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಇಲ್ಲೇ ಹುಟ್ಟಿರಬೇಕು ಎಂದಿದ್ದವರು ಹೋದ ತಿಂಗಳು ಒಂದು ಜೋಕಿನ ಅರ್ಥವನ್ನು ನನ್ನನ್ನೇ ಕೇಳಿದರು. ಹೇಳಿದೆ.

ಈಗ ಎರಡನೇ ಪುಸ್ತಕ ಶುರುವಾಗಿದೆ. 1962ರಲ್ಲಿ ಡೇವಿಡ್ ಫ್ರಾಸ್ಟ್ ನಡೆಸಿಕೊಡುತ್ತಿದ್ದ ವಿಡಂಬನೆ ಕಾರ್ಯಕ್ರಮ 'ದಟ್ ವಾಸ್ ದ ವೀಕ್ ದಟ್ ವಾಸ್'ನಿಂದ ಹಿಡಿದಿದ್ದೇನೆ. ಮಂತ್ರಿ ಪ್ರೊಫ್ಯೂಮೊ ಅವರ ಅಕ್ರಮ ಸಂಬಂಧದ ಹಗರಣಕ್ಕೇ ನಾಲ್ಕು ಪುಟ ಹೋಗಿದೆ. ಸದನ ಮತ್ತೆ ಸೇರುವುದರೊಳಗೆ ಆಗಿನ ಪ್ರಧಾನಿ ಮ್ಯಾಕ್‌ಮಿಲನ್ ಬಾಕಿ ಬರೆದು ಮುಗಿಸಬೇಕು.