ಮೋರಾ ಚಾಕುವಿಗೆ ಕಾಫಿ ಮರದ ಹಿಡಿ, ಅಡಿಕೆ ಚೊಗರಿನ ಬಣ್ಣ

ಸ್ವೀಡನ್ನಿನ ಮೋರಾ ಊರಿನಿಂದ ಬರುವ ಕಂಪ್ಯಾನಿಯನ್ ಚಾಕು ತೋಟದ ಕೆಲಸಕ್ಕೆ ನನಗೆ ತುಂಬಾ ಇಷ್ಟ. ಅದರಲ್ಲೂ ಕಾರ್ಬನ್ ಸ್ಟೀಲಿನದು. ಅಲಗು ಸುಮಾರು 10 ಸೆಂಟಿಮೀಟರ್, ಮಡಚುವ ಕೀಲಿನ ರಗಳೆ ಇಲ್ಲ, ಕಲ್ಲಿನ ಮೇಲೆ ನಾಲ್ಕು ಸಲ ತಿಕ್ಕಿದರೆ ಹರಿತವಾಗುತ್ತದೆ. ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಕೊಯ್ಯುವುದರಿಂದ ಹಿಡಿದು ಬಿದಿರಿನ ಗೂಟ ಚೂಪು ಮಾಡುವವರೆಗೆ ಎಲ್ಲಕ್ಕೂ ಆಗುತ್ತದೆ. ಆದರೆ ಕಾರ್ಖಾನೆಯವರು ಅದನ್ನು ಎಲ್ಲರ ಕೈಗೂ ಆಗಲಿ ಅಂತ ಮಾಡಿರುತ್ತಾರೆ. ನನ್ನ ಕೈಗೆ, ನಮ್ಮ ಮಲೆನಾಡಿನ ಮಳೆಗೆ ಸರಿಯಾಗಬೇಕಾದರೆ ಸ್ವಲ್ಪ ಕೆಲಸ ನಾವೇ ಮಾಡಿಕೊಳ್ಳಬೇಕು.

ಚಾಕು ತಂದ ದಿನವೇ ಅರ ಹಿಡಿದು ಕೂರಬೇಡಿ. ಒಂದು ಹಂಗಾಮು ಪೂರ್ತಿ ಹಾಗೇ ಬಳಸಿ. ಎಲ್ಲಿ ಬೊಬ್ಬೆ ಏಳುತ್ತದೆ, ಯಾವ ಕೆಲಸದಲ್ಲಿ ಕೈ ಅಡ್ಡಾದಿಡ್ಡಿ ಹಿಡಿಯಬೇಕಾಗುತ್ತದೆ ಅನ್ನೋದು ಆಗ ತಾನಾಗೇ ಗೊತ್ತಾಗುತ್ತದೆ. ಚಂದ ಕಾಣಲಿ ಅಂತ ಸುಮ್ನೆ ಏನೇನೋ ಕೆತ್ತುವುದು ನನಗೆ ಸರಿ ಕಾಣುವುದಿಲ್ಲ. ನನಗಿದ್ದ ತಕರಾರು ಇಷ್ಟು. ಅಲಗಿನ ಬೆನ್ನು ದುಂಡಗಿತ್ತು, ಹಾಗಾಗಿ ಅದರಿಂದ ಏನನ್ನೂ ಹೆರೆಯಲು ಆಗುತ್ತಿರಲಿಲ್ಲ. ಬೆರಳು ಜಾರದಿರಲಿ ಅಂತ ಹಿಡಿಯ ಮುಂದೆ ಇರುವ ಉಬ್ಬು, ಮರ ಕೆತ್ತುವಾಗ ತೋರುಬೆರಳಿಗೆ ಒತ್ತುತ್ತಿತ್ತು. ಇನ್ನು ತುಕ್ಕು. ಜುಲೈನಲ್ಲಿ ಕಾರ್ಬನ್ ಸ್ಟೀಲನ್ನು ರಾತ್ರಿ ಒದ್ದೆಯಾಗಿ ಬಿಟ್ಟರೆ ಬೆಳಿಗ್ಗೆ ಕೆಂಪು ಚುಕ್ಕೆ ಗ್ಯಾರಂಟಿ.

ಇಡೀ ಕೆಲಸದಲ್ಲಿ ಮರೆಯಬಾರದ್ದು ಒಂದೇ, ಹದ. ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಶಾಖಕ್ಕೆ ಹೋಗಿಬಿಡುತ್ತದೆ. ಇಂಥ ಉಕ್ಕು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೆತ್ತಗಾಗುತ್ತಾ ಹೋಗುತ್ತದೆ. ಮೊದಲು ಹುಲ್ಲಿನ ಹಳದಿ ಬಣ್ಣ ಬರುತ್ತದೆ, ಸುಮಾರು 300ಕ್ಕೆ ನೀಲಿ. ನೀಲಿ ಬಂದ ಜಾಗ ಆಮೇಲೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲಿಸಿಕೊಳ್ಳುವುದಿಲ್ಲ. ಗ್ರೈಂಡರ್‌ಗೆ ಕೊಟ್ಟರೆ ತೆಳುವಾದ ಬಾಯಿ, ಅಂದರೆ ಕೊಯ್ಯುವ ಅಂಚು, ಕಣ್ಣು ಮುಚ್ಚಿ ಬಿಡುವುದರೊಳಗೆ ಅಷ್ಟು ಕಾಯುತ್ತದೆ. ಅದಕ್ಕೇ ಅಲಗಿನ ಕೆಲಸವನ್ನೆಲ್ಲ ನಾನು ಕೈಯಲ್ಲೇ, ನೀರು ಹಾಕಿಕೊಂಡು ಮಾಡಿದೆ.

ಬೆನ್ನು ಚೌಕ ಮಾಡಲು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೋರಂಡಮ್ ಕಲ್ಲು ಸಾಕು. ಗಟ್ಟಿ ಉಕ್ಕಿನ ಮೇಲೆ ಅರ ಜಾರುವುದೇ ಜಾಸ್ತಿ, ಕಲ್ಲು ಹಿಡಿಯುತ್ತದೆ. ಬಾಯಿಗೆ ರಟ್ಟು ಮಡಚಿ ಟೇಪ್ ಸುತ್ತಿ, ಚಾಕುವನ್ನು ನೆಟ್ಟಗೆ ನಿಲ್ಲಿಸಿ, ಬೆನ್ನನ್ನು ಕಲ್ಲಿನ ಮೇಲೆ ಉದ್ದುದ್ದಕ್ಕೆ ತಿಕ್ಕಬೇಕು. ಅತ್ತ ಇತ್ತ ವಾಲಬಾರದು. ಪೂರ್ತಿ ಬೆನ್ನು ಬೇಡ. ಹೆಬ್ಬೆರಳು ಇಡುವ ಜಾಗವನ್ನು ದುಂಡಗೇ ಬಿಟ್ಟು, ಅದರಾಚೆ ಎರಡು ಇಂಚು ಮಾಡಿದೆ. ಉಗುರನ್ನು ಅಡ್ಡ ಎಳೆದರೆ ಹೆರೆದು ಪುಡಿ ಬರಬೇಕು, ಆಗ ಸರಿಯಾಯಿತು ಅಂತ ಅರ್ಥ. ಈಗ ಒಣ ಬಿದಿರನ್ನು ಅದರಿಂದ ಕೆರೆದರೆ ಹತ್ತಿಯಂಥ ಪುಡಿ ಉದುರುತ್ತದೆ. ಗೀರಿದರೆ ಕಿಡಿ ಹಾರಿಸುವ ಫೆರೋ ಕಡ್ಡಿಯನ್ನು ಅದೇ ಬೆನ್ನಿನಿಂದ ಗೀರಿ ಆ ಪುಡಿಗೆ ಕಿಡಿ ಬೀಳಿಸಿದರೆ ಬಚ್ಚಲ ಒಲೆ ಹತ್ತುತ್ತದೆ, ಮಳೆಗಾಲದಲ್ಲಿ ಬೆಂಕಿಪೊಟ್ಟಣ ತಂಪಾಗಿ ಕೂತಿದ್ದರೂ.

ಹಿಡಿ ಬದಲಿಸುವುದೇ ದೊಡ್ಡ ಕೆಲಸ. ಉಬ್ಬು ಹೋದರೆ ಸಾಕು ಅನಿಸಿದರೆ ಅದನ್ನಷ್ಟೇ ಕೊಯ್ದು ಸ್ಯಾಂಡ್‌ಪೇಪರ್ ಹಾಕಿ ಮುಗಿಸಬಹುದು. ಮನೆಯಲ್ಲಿ ಮಕ್ಕಳು ಬಳಸುವ ಚಾಕುವಾದರೆ ಉಬ್ಬು ಇರಲಿ, ತೆಗೆಯಬೇಡಿ. ನನಗೆ ಮರದ ಹಿಡಿಯೇ ಬೇಕಿತ್ತು. ಕಂಪ್ಯಾನಿಯನ್‌ನ ಪ್ಲಾಸ್ಟಿಕ್ ಹಿಡಿಯನ್ನು ಅಲಗಿನ ಸುತ್ತಲೇ ಅಚ್ಚು ಹಾಕಿರುತ್ತಾರೆ, ಎಳೆದರೆ ಬರುವುದಿಲ್ಲ. ಅಲಗಿಗೆ ದಪ್ಪಗೆ ರಟ್ಟು ಸುತ್ತಿ, ಹ್ಯಾಕ್ಸಾದಿಂದ ಹಿಡಿಯ ಮೇಲೆ ಕೆಳಗೆ ಉದ್ದಕ್ಕೆ ಸೀಳಿ, ಇಕ್ಕಳದಿಂದ ಸುಲಿದು ತೆಗೆದೆ. ಬೆಂಕಿಗೆ ಹಿಡಿದು ಕರಗಿಸುವ ಯೋಚನೆ ಬೇಡವೇ ಬೇಡ. ಹದವೂ ಹೋಗುತ್ತದೆ, ಆ ಹೊಗೆಯೂ ಕೆಟ್ಟದ್ದು. ಒಳಗೆ ಸಿಗುವ ಟ್ಯಾಂಗ್, ಅಂದರೆ ಹಿಡಿಯೊಳಗೆ ಕೂರುವ ಅಲಗಿನ ಬಾಲ, ಹಿಡಿಯ ಕೊನೆಯವರೆಗೆ ಇರುವುದಿಲ್ಲ, ಆದರೆ ಗಟ್ಟಿಯಾಗಿ ಕೂರಲು ಸಾಕಷ್ಟಿದೆ.

ಮರಕ್ಕೆ ಹಳೇ ರೋಬಸ್ಟಾ ಗಿಡದ ಬುಡ. ಕಿತ್ತು ಹಾಕಿದ ಕಾಫಿ ಗಿಡಗಳನ್ನು ಸೌದೆಗೆ ಹಾಕುತ್ತೇವಲ್ಲ, ಅದರಲ್ಲಿ ಒಂದು ನೆಟ್ಟಗಿನ ತುಂಡು. ಕಾಫಿ ಮರ ಗಟ್ಟಿ, ನುಣುಪು, ಕೈಗೆ ತುಂಬಾ ಹಿತ. ಒಣಗುವಾಗ ಬಿರಿಯುವ ಬುದ್ಧಿ ಒಂದಿದೆ. ಎರಡೂ ತುದಿಗೆ ಮೇಣ ಬಳಿದು ಅಟ್ಟದ ಮೇಲೆ ನಿಧಾನ ಒಣಗಿಸಿದರೆ ಆ ತೊಂದರೆ ಕಡಿಮೆ.

ನಮ್ಮ ಕಡೆ ಕುಡುಗೋಲಿಗೆ ಕಾವು (ಮರದ ಹಿಡಿ) ಹಾಕುವಾಗ ಕಮ್ಮಾರರು ಬಾಲವನ್ನು ಕಾಯಿಸಿ ಮರಕ್ಕೆ ಇಳಿಸುತ್ತಾರೆ. ಆ ವಿದ್ಯೆ ಒಳ್ಳೆಯದೇ, ಆದರೆ ಇಷ್ಟು ಚಿಕ್ಕ ಅಲಗಿಗೆ ಶಾಖ ಬಾಯಿವರೆಗೂ ಹರಿದು ಬರುತ್ತದೆ. ಅದಕ್ಕೆ ಹೀಗೆ ಮಾಡಿದೆ: ಗುಜರಿ ಕಬ್ಬಿಣದ ಪಟ್ಟಿಯನ್ನು ಟ್ಯಾಂಗ್‌ನದೇ ಆಕಾರಕ್ಕೆ ಅರದಿಂದ ತಿಕ್ಕಿ, ಮರಕ್ಕೆ ಸಾಲಾಗಿ ಡ್ರಿಲ್ ತೂತು ಹಾಕಿ, ಆ ಪಟ್ಟಿಯನ್ನು ಕೆಂಪಗೆ ಕಾಯಿಸಿ ಇಳಿಸಿದೆ. ತೂತುಗಳು ಸುಟ್ಟು ಒಂದಾಗಿ ಬೇಕಾದ ಆಕಾರವೇ ಬಂತು. ಒಳಗಿನ ಮಸಿಯನ್ನು ಪೂರ್ತಿ ಕೆರೆದು ತೆಗೆಯಬೇಕು. ಮಸಿ ಉಳಿದರೆ ಅಂಟು ಹಿಡಿಯುವುದಿಲ್ಲ. ಮುಂದಿನ ತುದಿಗೆ ಹಿತ್ತಾಳೆ ಪೈಪಿನಿಂದ ಕೊಯ್ದ ಬಳೆ ಬಿಗಿಯಾಗಿ ಹೊಡೆದೆ, ಮರ ಸೀಳದಿರಲಿ ಅಂತ.

ಅಂಟಿಗೆ ನಿಧಾನ ಗಟ್ಟಿಯಾಗುವ ಅರಾಲ್ಡೈಟ್. ಟ್ಯಾಂಗನ್ನು ಒರಟು ಪೇಪರ್‌ನಿಂದ ಕೆರೆದು, ಥಿನ್ನರ್‌ನಲ್ಲಿ ಒರೆಸಿ, ಆಮೇಲೆ ಬರಿಗೈ ತಾಗಿಸಬಾರದು. ಅಂಟನ್ನು ಸಣ್ಣ ಕಡ್ಡಿಯಿಂದ ತೂತಿನ ತಳದಿಂದ ತುಂಬುತ್ತಾ ಬರಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಮಾರನೇ ದಿನದವರೆಗೆ ನೆಟ್ಟಗೆ ನಿಲ್ಲಿಸಿಟ್ಟೆ. ಅಂಟು ಗಟ್ಟಿಯಾದ ಮೇಲೆ ಹಿಡಿಯನ್ನು ಮೊಟ್ಟೆಯಾಕಾರಕ್ಕೆ ತಂದೆ. ಪೂರ್ತಿ ದುಂಡಗೆ ಮಾಡಿದರೆ ಕತ್ತಲಲ್ಲಿ ಬಾಯಿ ಯಾವ ಕಡೆಗಿದೆ ಅಂತ ಕೈಗೆ ತಿಳಿಯುವುದಿಲ್ಲ. 80ರಿಂದ 400ರ ಪೇಪರ್‌ವರೆಗೆ ತಿಕ್ಕಿ, ಅಗಸೆ ಎಣ್ಣೆ ತೆಳ್ಳಗೆ ಹಲವು ಸಲ ಕೊಟ್ಟೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಕಾದು ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ.

ಬಣ್ಣದ ಕೆಲಸ ನನಗೆ ತೀರಾ ಖುಷಿ ಕೊಟ್ಟಿದ್ದು. ಅಲಗನ್ನು ಕಪ್ಪಾಗಿಸಲು ಎಲ್ಲರೂ ವಿನೆಗರ್‌ನಲ್ಲಿ ಅದ್ದುತ್ತಾರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಂಗಾಮಿನಲ್ಲಿ ಕಪ್ಪಾಗುವುದನ್ನು ನೋಡಿದವರಿಗೆ ಇನ್ನೊಂದು ದಾರಿಯೂ ಹೊಳೆಯುತ್ತದೆ ಅಲ್ವಾ? ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ನೀಲಿಗಪ್ಪು. ಮೊದಲು ಅಲಗನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ಬಿಸಿ ವಿನೆಗರ್‌ನಲ್ಲಿ ಅರ್ಧ ಗಂಟೆ ಇಟ್ಟೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಲಗಿಗೆ ಅಂಟಿ ಕೂತು, ಒಂದೊಂದಾಗಿ ಬಿಟ್ಟು ಮೇಲೇಳುತ್ತಿದ್ದವು. ಹೊರಗೆ ತೆಗೆದಾಗ ಮಂಕು ಬೂದು ಬಣ್ಣ. ತೊಳೆದು, ಅಡಿಕೆ ಬೇಯಿಸಿ ಉಳಿದ ಚೊಗರನ್ನು ಬಟ್ಟೆಯಲ್ಲಿ ಹಚ್ಚಿದೆ. ನೋಡುತ್ತಿದ್ದ ಹಾಗೇ ಬೂದು ಬಣ್ಣ ಕಪ್ಪಿಗೆ ತಿರುಗಿತು, ಬೆಳಕಿಗೆ ಓರೆ ಹಿಡಿದರೆ ಒಳಗೆ ನೇರಳೆ ಛಾಯೆ. ಆಮೇಲೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ. ಮೊದಮೊದಲು ಬಟ್ಟೆಗೆ ಕಪ್ಪು ಹತ್ತುತ್ತದೆ, ಬರಬರುತ್ತಾ ನಿಲ್ಲುತ್ತದೆ. ವಿನೆಗರ್ ಬಾಯಿಯನ್ನೂ ತಿಂದಿರುತ್ತದೆ, ಹಾಗಾಗಿ ಕೊನೆಗೆ ಅಲಗಿನ ಇಳಿಜಾರನ್ನು 1000 ಗ್ರಿಟ್‌ನ ನುಣುಪು ಸಾಣೆ ಕಲ್ಲಿಗೆ ಚಪ್ಪಟೆಯಾಗಿ ಇಟ್ಟು ಮತ್ತೆ ಹರಿತ ಮಾಡಲೇಬೇಕು. ಕಪ್ಪು ಪದರ ತುಕ್ಕನ್ನು ತಡ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಒರೆಸುವ ಅಭ್ಯಾಸ ಬಿಡುವಂತಿಲ್ಲ.

ಹಿಡಿ ಬದಲಾದ ಮೇಲೆ ಕಂಪನಿಯ ಒರೆ ಕಚ್ಚಿ ಹಿಡಿಯುವುದಿಲ್ಲ. ಚರ್ಮದ ಒರೆ ನೋಡಲು ಚಂದ, ಆದರೆ ನಮ್ಮ ಮಳೆಗೆ ಅದು ತೇವ ಹಿಡಿದಿಟ್ಟುಕೊಂಡು ಅಲಗನ್ನು ಹಾಳು ಮಾಡುತ್ತದೆ. ನಾನು ಪಿವಿಸಿ ಪೈಪಿನ ತುಂಡನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಅಲಗಿಗೆ ಕಾಗದ ಸುತ್ತಿ ಒಳಗಿಟ್ಟು, ಎರಡು ಹಲಗೆ ನಡುವೆ ಒತ್ತಿ ತಣ್ಣಗಾಗುವವರೆಗೆ ಬಿಟ್ಟೆ. ಒರೆಯ ಬಾಯಿಯ ಹತ್ತಿರ ಹಿತ್ತಾಳೆ ಬಳೆಯ ಮೇಲೆ ಸ್ವಲ್ಪ ಜಾಸ್ತಿ ಒತ್ತಿದರೆ ಹಿಡಿತ ಬರುತ್ತದೆ. ತಳದಲ್ಲಿ ನೀರು ಇಳಿಯಲು ಒಂದು ತೂತು. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ಹಳೇ ಟ್ಯೂಬಿನಿಂದ ಕೊಯ್ದು, ಎರಡು ತಿರುಪು ಹಾಕಿ ಕೂರಿಸಿದ್ದೇನೆ.