7.26 ಕೆಜಿಯ ಮೊದಲ ವರ್ಷ

ಶಿರಸಿಯ ಒಂದು ಪದವಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ನಮ್ಮಂಥ ಕಾಲೇಜಿನಲ್ಲಿ ಗುಂಡು, ಡಿಸ್ಕಸ್ (ಚಕ್ರ), ಜಾವೆಲಿನ್ (ಭರ್ಜಿ) ಎಸೆತಕ್ಕೆ ಅಂತಲೇ ಬೇರೆ ಕೋಚ್ ಇರುವುದಿಲ್ಲ. ಕಬಡ್ಡಿ, ವಾಲಿಬಾಲ್, ಓಟ ಎಲ್ಲವೂ ಒಬ್ಬರ ಪಾಲಿಗೇ ಬರುತ್ತವೆ. ನಾನು ಗುಂಡು ಎಸೆದು ಬೆಳೆದವಳು, ಹಾಗಾಗಿ ಎಸೆತದ ಮಕ್ಕಳು ತಾವಾಗಿಯೇ ನನ್ನ ಹತ್ತಿರ ಬರತೊಡಗಿದರು. ಈ ಕೆಲಸಕ್ಕೆ ಬರಲು ಏನು ಓದಬೇಕು ಅಂತ ಕೇಳುವವರಿದ್ದಾರೆ. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಇಡಿ, ಆಮೇಲೆ ಸ್ನಾತಕೋತ್ತರ ಎಂ.ಪಿ.ಇಡಿಯಲ್ಲಿ ಕನಿಷ್ಠ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಬರೀ ಕೋಚಿಂಗ್ ಸಾಕು ಅನ್ನುವವರಿಗೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದೆ.

ನನಗೆ ಹೇಳಬೇಕು ಅನ್ನಿಸುವುದು ಬೇರೆ ವಿಷಯ. ಪಿಯುಸಿ ಮುಗಿಸಿ ಬಂದ ಮಕ್ಕಳ ಮೊದಲ ವರ್ಷದ್ದು.

18ರ ಒಳಗಿನ ಹುಡುಗರು ಎಸೆಯುವ ಗುಂಡು 5 ಕೆಜಿ. 20ರ ಒಳಗೆ 6. ಡಿಗ್ರಿಗೆ ಸೇರಿ ಅಂತರ ಕಾಲೇಜು ಕೂಟದಲ್ಲಿ ಎಸೆಯುವ ಸರ್ಕಲ್‌ಗೆ ಇಳಿದರೆ 7.26. ಡಿಸ್ಕಸ್ಸೂ ಒಂದೂವರೆಯಿಂದ 2 ಕೆಜಿಗೆ ಏರುತ್ತದೆ. ಹುಡುಗಿಯರ ಗುಂಡು 3ರಿಂದ 4 ಆಗುತ್ತದೆ, ಡಿಸ್ಕಸ್ ಮಾತ್ರ 1 ಕೆಜಿಯೇ. ಜಿಲ್ಲೆಗೆ ಮೊದಲು ಬಂದಿದ್ದ ಹುಡುಗನ ಗುಂಡು ಈಗ ಮೀಟರುಗಟ್ಟಲೆ ಹಿಂದೆ ಬೀಳುತ್ತದೆ. "ಮೇಡಂ, ಇದು ನಂಗೆ ಆಗುದಿಲ್ಲ" ಅಂತ ಬ್ಯಾಗ್ ಎತ್ತಿಕೊಳ್ಳುತ್ತಾನೆ. ಅವನ ಶಕ್ತಿ ಎಲ್ಲೂ ಹೋಗಿಲ್ಲ, ತೂಕ ಬದಲಾಗಿದೆ ಅಷ್ಟೇ. ಆದರೆ ಟೇಪ್ ತೋರಿಸುವ ಅಂಕಿ ನೋಡಿ ಹುಡುಗ ಬಿಟ್ಟು ಹೋಗುತ್ತಾನೆ. ಎಸೆತದಲ್ಲಿ ನಮ್ಮ ಜಿಲ್ಲೆ ಮಕ್ಕಳನ್ನು ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ ಅಂತ ನನ್ನ ಅನಿಸಿಕೆ.

ಅದಕ್ಕೇ ಮೊದಲ ತಿಂಗಳುಗಳಲ್ಲಿ ನಾನು 7.26 ಕೈಗೆ ಕೊಡುವುದೇ ಇಲ್ಲ. 6 ಕೆಜಿಯಲ್ಲೇ ಮುಂದುವರಿಸುತ್ತೇನೆ. ಆಮೇಲೆ ಭಾರದ ಗುಂಡನ್ನು ನಿಂತಲ್ಲಿಂದ ಎಸೆಯುವುದು, ಗ್ಲೈಡ್, ಅಂದರೆ ಸರ್ಕಲ್ ಒಳಗೆ ಹಿಮ್ಮುಖವಾಗಿ ಜಾರಿ ಬಂದು ಎಸೆಯುವುದು, ಮಾತ್ರ ಹಗುರದರಲ್ಲಿ. ಪ್ರತಿಯೊಬ್ಬರಿಗೂ ಅಭ್ಯಾಸದ ಲೆಕ್ಕ ಬರೆಯುವ ಒಂದು ಪುಸ್ತಕ, ಅದರಲ್ಲಿ ಒಂದೊಂದು ತೂಕಕ್ಕೆ ಒಂದೊಂದು ಪುಟ. 7.26ರ ದೂರವನ್ನು 7.26ರ ಹಳೆಯ ದೂರದ ಜೊತೆಗೇ ಹೋಲಿಸಬೇಕು, ಬೇರೆಯದರ ಜೊತೆ ಅಲ್ಲ. ಈ ಒಂದು ನಿಯಮದಿಂದ ಉಳಿದುಕೊಂಡ ಮಕ್ಕಳಿದ್ದಾರೆ.

ನಮ್ಮಲ್ಲಿ ಮಳೆಯೂ ಇದಕ್ಕೆ ಅನುಕೂಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ಸರ್ಕಲ್ ಮೇಲೆ ಪಾಚಿ ಕಟ್ಟುತ್ತದೆ, ಕಾಲಿಟ್ಟರೆ ಜಾರುತ್ತದೆ. ಪೂರ್ತಿ ಎಸೆತ ಆಗ ಬೇಡವೇ ಬೇಡ. ಸಭಾಭವನದ ಜಗಲಿಯಲ್ಲಿ ಸ್ಕ್ವಾಟ್, ಮೆಡಿಸಿನ್ ಬಾಲ್, ಜಿಗಿತ, ಬರಿಗೈಯಲ್ಲಿ ಗ್ಲೈಡ್. ಗುಂಡು ಎಸೆಯುವುದು ತೋಳು ಅಂತ ಬಹಳ ಜನ ತಿಳಿದಿದ್ದಾರೆ. ಶುರುವಾಗುವುದು ಕಾಲಿನಿಂದ. ಬಲಗೈಯವರಾದರೆ ಕೊನೆಯ ಕ್ಷಣದಲ್ಲಿ ಎಡಗಾಲು ಗಟ್ಟಿಯಾಗಿ ನೆಲಕ್ಕೂರಿ ಮೈಯನ್ನು ತಡೆಯಬೇಕು. ಆಗಲೇ ಕಾಲಿನ ಬಲ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಕೊನೆಗೆ ಬೆರಳಿಗೆ ಬರುತ್ತದೆ. ಆ ಮಂಡಿ ಮಡಚಿದರೆ ಎಷ್ಟು ತೋಳಿದ್ದರೂ ಗುಂಡು ದೂರ ಹೋಗುವುದಿಲ್ಲ.

ಡಿಸ್ಕಸ್ ಕಲಿಸುವಾಗ ಕರಾವಳಿಯ ಮಕ್ಕಳಿಗೆ ಬೀಸುಬಲೆಯನ್ನು ನೆನಪಿಸುತ್ತೇನೆ. ಬಲೆ ಬೀಸುವವರ ಸೊಂಟ ಮೊದಲು ತಿರುಗುತ್ತದೆ, ಕೈ ಹಿಂದೆಯೇ ಉಳಿದು ಆಮೇಲೆ ಬರುತ್ತದೆ. ಹೊಳೆಬದಿಯಲ್ಲಿ ಬೆಳೆದ ಹುಡುಗಿಗೆ ಇಷ್ಟು ಹೇಳಿದರೆ ಸಾಕು, ಅರ್ಥ ಆಗುತ್ತದೆ. ಡಿಸ್ಕಸ್‌ಗೆ ನಾವು ಕಟ್ಟಿರುವ ಕೇಜ್, ಅಂದರೆ ತಪ್ಪಿದ ಎಸೆತ ಜನರ ಮೇಲೆ ಹೋಗದಂತೆ ಸುತ್ತ ಹಾಕುವ ತಡೆಬಲೆ ಕೂಡ ಹಳೆಯ ಮೀನುಬಲೆಯದೇ, ಕರಾವಳಿಯ ಬೇಲೇಕೇರಿಯಿಂದ ತಂದದ್ದು. ಎರಡು ಮೂರು ಪದರ ಮಾಡಿ ಸಡಿಲವಾಗಿ ಇಳಿಬಿಟ್ಟರೆ ಡಿಸ್ಕಸ್ ಅದರೊಳಗೇ ಸತ್ತು ಬೀಳುತ್ತದೆ. ತಂತಿಗೆ ಕಟ್ಟಿದ ಗುಂಡನ್ನು ತಿರುಗಿಸಿ ಎಸೆಯುವ ಹ್ಯಾಮರ್‌ಗೆ ಇದು ಸಾಲದು. ಸರಿಯಾದ ಕೇಜ್ ಇಲ್ಲದೆ ನಾನು ಹ್ಯಾಮರ್ ಕಲಿಸುವುದಿಲ್ಲ, ಯಾರು ಎಷ್ಟು ಕೇಳಿಕೊಂಡರೂ.

2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದ ಮೇಲೆ ಜಾವೆಲಿನ್ ಕೇಳಿಕೊಂಡು ಬರುವವರು ಹೆಚ್ಚಾದರು. ಶುರುವಿಗೆ ಬಿದಿರಿನದೇ ಸಾಕು. ನಮ್ಮ ಜಂಬಿಟ್ಟಿಗೆ ನೆಲಕ್ಕೆ ಒಳ್ಳೆಯ ಜಾವೆಲಿನ್ ಬಿದ್ದರೆ ಮೂತಿ ಕೆಡುತ್ತದೆ, ಅದಕ್ಕೇ ಮಣ್ಣು ಹದ ಮಾಡಿದ ಜಾಗದಲ್ಲಿ ಮಾತ್ರ ಅದನ್ನು ತೆಗೆಯುತ್ತೇನೆ. ಎಲ್ಲರೂ ಎಸೆದು ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೆ ಹೆಕ್ಕಲು ಹೋಗಬೇಕು. ವಾಪಸ್ ತರುವಾಗ ನೆಟ್ಟಗೆ, ಮೂತಿ ಕೆಳಗೆ. ಎಸೆದು ವಾಪಸ್ ಕೊಡುವಂತಿಲ್ಲ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನೀರಜ್ ಹೆಸರಿನ ಜೊತೆಗೆ ಇನ್ನೊಂದು ಹೆಸರೂ ಹೇಳುತ್ತೇನೆ. ನಮ್ಮ ಶಿರಸಿ ಕಡೆಯವರೇ ಆದ ಕಾಶಿನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್ 74.29 ಮೀಟರ್ ಎಸೆದು ಕಂಚು ಗೆದ್ದರು. ಆಗ ಅವರು ಸೇನೆಯಲ್ಲಿದ್ದರು. ಎಸೆತಗಾರರ ಮೈ ಹದಕ್ಕೆ ಬರುವುದು ನಿಧಾನ, ಹೆಚ್ಚಿನವರು ಚೆನ್ನಾಗಿ ಎಸೆಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ, ಕೆಲವರು ಅದಕ್ಕೂ ಆಮೇಲೆ. ನನ್ನ ಹತ್ತಿರ ಮಕ್ಕಳು ಇರುವುದು ಮೂರು ವರ್ಷ. ಆ ಮೂರು ವರ್ಷದಲ್ಲೇ ಪದಕ ಬೇಕು ಅಂತ ಪೂರ್ತಿ ಎಸೆತ ಎಸೆಸಿ ಎಸೆಸಿ ಮೊಣಕೈ, ಭುಜ ಹಾಳು ಮಾಡಿ ಕಳಿಸುವುದು ಅನ್ಯಾಯ, ಅಲ್ವಾ?

ಕೂಟಗಳ ಹೊತ್ತಿಗೇ ಅಡಿಕೆ ಕೊಯ್ಲೂ ಬರುತ್ತದೆ. ರಾತ್ರಿ ಹೊತ್ತು ಕೂತು ಅಡಿಕೆ ಸುಲಿದು ಬಂದ ಹುಡುಗನ ಬೆರಳು, ಸೊಂಟ ಎರಡೂ ಬಿಗಿಯಾಗಿರುತ್ತವೆ. ಅವನನ್ನು ಬೈದು ಪ್ರಯೋಜನವಿಲ್ಲ, ಅದು ಮನೆಯ ಅನ್ನದ ಕೆಲಸ. ಆ ದಿನ ಎಸೆತ ಬಿಟ್ಟು ಸೊಂಟ ಸಡಿಲಿಸುವ ವ್ಯಾಯಾಮ ಮಾಡಿಸಿ, ಊರಿನ ಕೊನೆಯ ಬಸ್ಸಿಗೆ ಮೊದಲೇ ಕಳಿಸುತ್ತೇನೆ.

ಡಿಗ್ರಿ ಮುಗಿಸಿ ಸೇನೆಗೋ ಪೊಲೀಸಿಗೋ ಬಿ.ಪಿ.ಇಡಿಗೋ ಹೊರಟವರಿಗೆ ಆ ಪುಸ್ತಕ ಕೊಟ್ಟು ಕಳಿಸುತ್ತೇನೆ. ಯಾವ ತೂಕದಲ್ಲಿ ಎಷ್ಟು ದೂರ, ಸ್ಕ್ವಾಟ್ ಎಷ್ಟು ಕೆಜಿ, ಯಾವಾಗ ಎಲ್ಲಿ ನೋವು ಬಂದಿತ್ತು ಎಲ್ಲ ಅದರಲ್ಲಿದೆ. ಅಲ್ಲಿನ ಕೋಚ್ ಮೊದಲಿನಿಂದ ಶುರುಮಾಡಬೇಕಾಗಿಲ್ಲ.