ಹಕ್ಕಿ ರಕ್ತದ ಪಿಸಿಆರ್: ಕೆಡುವುದು ಹಿನ್ನೀರಿನ ದಂಡೆಯಲ್ಲೇ

ಹಕ್ಕಿಗಳಿಗೂ ಮಲೇರಿಯಾ ಬರುತ್ತದೆ. ಅದನ್ನು ತರುವ ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಸೊಳ್ಳೆಯಿಂದ ಹರಡುತ್ತದೆ. ಅದರ ಬಂಧು ಹೀಮೋಪ್ರೋಟಿಯಸ್ ಪಾರಿವಾಳಕ್ಕೆ ಬರುವುದು ಗರಿಯೊಳಗೇ ಓಡಾಡುವ ಚಪ್ಪಟೆ ನೊಣದಿಂದ. ಒಂದು ಹನಿ ರಕ್ತ ಸಿಕ್ಕರೆ ಪಿಸಿಆರ್, ಅಂದರೆ ಡಿಎನ್‌ಎ ತುಣುಕನ್ನು ಲೆಕ್ಕವಿಲ್ಲದಷ್ಟು ನಕಲು ಮಾಡಿ ತೋರಿಸುವ ಪರೀಕ್ಷೆ, ಎರಡನ್ನೂ ಹಿಡಿಯುತ್ತದೆ. ಆದರೆ ಆಲಮಟ್ಟಿ ಹಿನ್ನೀರಿನ ಬಳಿ ಆ ಹನಿ ಹಾಳಾಗುವುದನ್ನು ನೋಡಿ ನೋಡಿ ಸಾಕಾಗಿದೆ.

ಮೊದಲು ಅನುಮತಿ. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಯ ಕಾಗದ ಕೈಗೆ ಬರುವವರೆಗೆ ಬಲೆ ಬಿಚ್ಚಬೇಡಿ. ಹಕ್ಕಿ ಹಿಡಿಯುವುದು ಪಳಗಿದವರ ಕೆಲಸ.

ಈಗ ರಕ್ತ. ದೇಹತೂಕದ ಶೇ 1ರಷ್ಟೇ ಮಿತಿ. 20 ಗ್ರಾಂ ಹಕ್ಕಿಗೆ 0.2 ಮಿಲಿ ಲೀಟರ್. ಅಷ್ಟೂ ಬೇಡ, ಜೋಳದ ಕಾಳಿನಷ್ಟು ಹನಿ ಸಾಕು. ಹಕ್ಕಿಯ ಕೆಂಪು ರಕ್ತಕಣದಲ್ಲಿ ನಮ್ಮದರಂತಲ್ಲದೆ ನ್ಯೂಕ್ಲಿಯಸ್ ಇದೆ, ಡಿಎನ್‌ಎ ಧಾರಾಳ. ತೊಂದರೆಯೂ ಅದೇ: ಜಾಸ್ತಿ ರಕ್ತ ಹಾಕಿದರೆ ಹಕ್ಕಿಯ ಡಿಎನ್‌ಎ ರಾಶಿಯಲ್ಲಿ ಪರಾವಲಂಬಿಯದ್ದು ಕಳೆದುಹೋಗುತ್ತದೆ.

ರೆಕ್ಕೆಯ ಒಳಮೈಯ ರಕ್ತನಾಳಕ್ಕೆ ಸಣ್ಣ ಸೂಜಿ ತಾಗಿಸಿ. ಉಬ್ಬಿದ ಹನಿಯನ್ನು ಕ್ಯಾಪಿಲರಿ ಕೊಳವೆಗೆ ಎಳೆದುಕೊಳ್ಳಿ. ಹತ್ತಿ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಬಿಡಿ. ಕೊಳವೆ ಕೊಳ್ಳುವಾಗ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಹಚ್ಚಿದ್ದನ್ನು ತಗೋಬೇಡಿ, ಅಂಗಡಿಯವನು ಎರಡೂ ಒಂದೇ ಅಂದರೂ ನಂಬಬೇಡಿ. ಹೆಪಾರಿನ್ ಪಿಸಿಆರನ್ನೇ ಕಟ್ಟಿಹಾಕುತ್ತದೆ. ಹೆಪ್ಪುಗಟ್ಟದಿರಲು ಅದರ ಬದಲು ಇಡಿಟಿಎ ಆಗಬಹುದು. ನಾನಂತೂ ಫಿಲ್ಟರ್ ಪೇಪರಿನ ಕಡೆ. ಒಮ್ಮೆ ರಕ್ತದ ವಯಲ್‌ಗಳನ್ನು ಬೈಕ್ ಡಿಕ್ಕಿಯಲ್ಲಿಟ್ಟು, ಬೀಳಗಿಯಿಂದ ಬಾಗಲಕೋಟೆಗೆ ಮಧ್ಯಾಹ್ನದ ಬಿಸಿಲಲ್ಲಿ ತಂದಿದ್ದೆ. ತೆರೆದರೆ ಕಂದು ಗಂಜಿ!

ಪೇಪರ್ ಮೇಲೆ ಹನಿ ಬಿಟ್ಟ ಮೇಲೆ ನೆರಳಲ್ಲೇ ಒಣಗಿಸಿ. ಅವಸರಕ್ಕೆ ಜೀಪಿನ ಬಾನೆಟ್ ಮೇಲೆ ಇಡುವವರಿದ್ದಾರೆ, ಬೇಡ. ನೊಣ ಕೂರಬಾರದು, ಎರಿಮಣ್ಣಿನ ಧೂಳೂ ಬೀಳಬಾರದು. ಪೂರ್ತಿ ಒಣಗದೆ ಕವರಿಗೆ ಹಾಕಿದರೆ ಬೂಷ್ಟು ಗ್ಯಾರಂಟಿ. ಒಂದು ಹಕ್ಕಿಗೆ ಒಂದು ಕವರ್, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನಂಬರ್ ಪೆನ್ಸಿಲಿನಲ್ಲೇ ಬರೆಯಿರಿ, ಸ್ಪಿರಿಟ್ ತಾಗಿದರೆ ಪೆನ್ನಿನ ಶಾಯಿ ಹರಡಿಹೋಗುತ್ತದೆ.

ಡಿಎನ್‌ಎ ತೆಗೆಯುವುದು ಕಿಟ್ ಚೀಟಿಯಲ್ಲಿದ್ದಂತೆ.

ಆಮೇಲೆ ಪರಾವಲಂಬಿಯ ಸೈಟೋಕ್ರೋಮ್ ಬಿ ಜೀನ್‌ಗೆ ನೆಸ್ಟೆಡ್ ಪಿಸಿಆರ್, ಅಂದರೆ ಎರಡು ಸುತ್ತು, ಮೊದಲನೆಯದರಲ್ಲಿ ಬಂದದ್ದರ ಮೇಲೇ ಎರಡನೆಯದು. ಮೊದಲ ಸುತ್ತಿನ ಟ್ಯೂಬ್ ತೆರೆದ ಟೇಬಲ್ಲಿನಲ್ಲೇ ಎರಡನೆಯದನ್ನು ಬೆರೆಸಿದರೆ ಒಂದರ ನಕಲು ಇನ್ನೊಂದಕ್ಕೆ ಸೇರಿ ಎಲ್ಲಾ ಹಕ್ಕಿಗೂ ಮಲೇರಿಯಾ! ಕೋಣೆ ಬೇರೆ, ಪಿಪೆಟ್ ಬೇರೆ ಇರಲಿ. ಪ್ರತಿ ಸಲ ಡಿಎನ್‌ಎ ಬದಲು ಬರೀ ನೀರು ಹಾಕಿದ ಟ್ಯೂಬ್ ಒಂದನ್ನು ಇಡಿ.

ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಸುಮಾರು 480 ಬೇಸ್ ಜೋಡಿಯ ಪಟ್ಟಿ ಕಂಡರೆ ಸೋಂಕಿದೆ. ಪ್ಲಾಸ್ಮೋಡಿಯಂ, ಹೀಮೋಪ್ರೋಟಿಯಸ್ ಎರಡಕ್ಕೂ ಪಟ್ಟಿ ಒಂದೇ ಉದ್ದ, ಹಾಗಾಗಿ ಯಾವುದೆಂದು ತಿಳಿಯಲು ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳ ಸಾಲು ಓದುವುದು) ಮಾಡಿಸಿ, ಹಕ್ಕಿ ಮಲೇರಿಯಾ ಪರಾವಲಂಬಿಗಳ ಮಾಲ್‌ಏವಿ ಡೇಟಾಬೇಸಿನ ಜೊತೆ ಹೋಲಿಸಿ. ನೀರಿನ ಟ್ಯೂಬಿನಲ್ಲೂ ಪಟ್ಟಿ ಬಂತಾ? ಆ ದಿನದ್ದೆಲ್ಲಾ ಚೆಲ್ಲಿ, ಮೊದಲಿನಿಂದ ಮಾಡಿ.